“ಮುಳ್ಳು ನಡುವಿಗೇ ಇತ್ತಲ್ರೀ!”

ಬಾನೆಟ್ ಸಂದಿಯಿಂದ ಉಗಿ ಏಳುತ್ತಿರುತ್ತದೆ. ಡ್ಯಾಶ್‌ಬೋರ್ಡ್ ಕಡೆ ಕೈ ಮಾಡಿ “ಐದ್ ನಿಮಿಷದ ಹಿಂದ ಮುಳ್ಳು ನಡುವಿಗೇ ಇತ್ತಲ್ರೀ, ಇಷ್ಟರಾಗ ಹೀಟ್ ಹೆಂಗಾತು?” ಎಂದು ಕೇಳುವವರು ಬೇಸಿಗೆಯಲ್ಲಿ ಹುಬ್ಬಳ್ಳಿಯ ಯಾವ ಗ್ಯಾರೇಜಿಗೆ ಹೋದರೂ ಸಿಗುತ್ತಾರೆ. ಅವರ ಮಾತು ನಿಜ. ಹೀಟ್ ಮೀಟರಿನ ಮುಳ್ಳು ನಡುವಿಗೇ ಇತ್ತು, ಏಕೆಂದರೆ ಅದನ್ನು ಮಾಡಿರುವುದೇ ನಡುವಿಗೆ ನಿಲ್ಲುವಂತೆ. ಈಗಿನ ಹೆಚ್ಚಿನ ಕಾರುಗಳಲ್ಲಿ ನೀರಿನ ಶಾಖ ಸುಮಾರು 75ರಿಂದ 105 ಡಿಗ್ರಿವರೆಗೆ ಎಲ್ಲೇ ಇದ್ದರೂ ಮುಳ್ಳು ಒಂದೇ ಜಾಗದಲ್ಲಿ ಕೂತಿರುತ್ತದೆ. ಘಾಟಿ ಹತ್ತುವಾಗ ಮುಳ್ಳು ಎರಡು ಗೆರೆ ಏರಿದರೆ ಮಾಲೀಕರು ಶೋರೂಮಿಗೆ ಓಡಿ ಬರುತ್ತಾರೆಂದು ಕಂಪನಿಗಳು ಮಾಡಿಕೊಂಡ ಏರ್ಪಾಡು ಇದು. ಅದು ಅಲುಗಾಡತೊಡಗುವ ಹೊತ್ತಿಗೆ ನಮ್ಮ ಕೈಯಲ್ಲಿ ಉಳಿದಿರುವುದು ಕೆಲವೇ ನಿಮಿಷ. ಇನ್ನು ಕೆಲವು ಕಾರುಗಳಲ್ಲಿ ಮುಳ್ಳೂ ಇಲ್ಲ, ತಣ್ಣಗಿದ್ದಾಗ ಒಂದು ನೀಲಿ ದೀಪ, ಹೀಟಾದಾಗ ಒಂದು ಕೆಂಪು ದೀಪ.

ಆಯಿಲ್ ಪ್ರೆಷರಿನ ಕಥೆ ಇನ್ನೂ ಕೆಟ್ಟದ್ದು. ಅಲ್ಲಿರುವ ಕೆಂಪು ದೀಪದ ಹಿಂದಿನ ಸ್ವಿಚ್ಚು ಎಚ್ಚರಗೊಳ್ಳುವುದು ಒತ್ತಡ 0.3ರಿಂದ 0.5 ಬಾರ್‌ಗೆ ಕುಸಿದಾಗ. ಬಿಸಿ ಎಂಜಿನ್ 3000 ಆರ್‌ಪಿಎಂನಲ್ಲಿ ಸಾಮಾನ್ಯವಾಗಿ 3 ಬಾರ್ ಆಸುಪಾಸು ತೋರಿಸಬೇಕು. 3 ಇದ್ದದ್ದು 1ಕ್ಕೆ ಇಳಿದರೂ ದೀಪ ತೆಪ್ಪಗಿರುತ್ತದೆ, ಅಷ್ಟರಲ್ಲಿ ಬೇರಿಂಗು ಸವೆಯತೊಡಗಿರುತ್ತದೆ. ಹಾಗಾಗಿ ಕಾರಿಗೆ ಹೊರಗಿನಿಂದ ಮೀಟರ್ ಕೂರಿಸುವ ಯೋಚನೆ ಶೋಕಿಯಷ್ಟೇ ಅಲ್ಲ, ಅದಕ್ಕೆ ಅರ್ಥವಿದೆ. ಆದರೆ ಡಯಲ್ ಎಷ್ಟು ಚೆಂದ, ಯಾವ ಬಣ್ಣದಲ್ಲಿ ಹೊಳೆಯುತ್ತದೆ ಎಂಬುದರ ಮೇಲೆ ಖರ್ಚು ಮಾಡುವವರು ಎಂಜಿನ್ ಕಡೆ ಕೂತು ಶಾಖ, ಒತ್ತಡ ಅಳೆಯುವ ಸೆಂಡರ್ ಎಲ್ಲಿ ಕೂರುತ್ತದೆ, ಅದರ ಅರ್ಥಿಂಗ್ (ಬ್ಯಾಟರಿ ಮೈನಸ್ಸಿನ ಸಂಪರ್ಕ) ಎಲ್ಲಿಂದ ಬರುತ್ತದೆ ಎಂದು ಕೇಳುವುದಿಲ್ಲ. ಮೀಟರಿನ ಬೆಲೆ ಇರುವುದು ಅಲ್ಲಿ.

ಮೊದಲು ಯಾವುದು?

ಗದಗಿನ ಏಪ್ರಿಲ್ ಬಿಸಿಲಿನಲ್ಲಿ ಯಾರನ್ನು ಕೇಳಿದರೂ ಹೀಟ್ ಮೀಟರ್ ಎನ್ನುತ್ತಾರೆ. ಒಂದೇ ಮೀಟರ್ ಹಾಕಿಸುವುದಾದರೆ ಆಯಿಲ್ ಪ್ರೆಷರ್ ಹಾಕಿಸಿ ಎನ್ನುವುದು ನನ್ನ ಸಲಹೆ. ಕಾರಣ ಸರಳ. 2013ರ ನಂತರದ ಕಾರುಗಳಲ್ಲಿ ಸ್ಟಿಯರಿಂಗ್ ಕೆಳಗೆ ಎಂಜಿನ್ ತಪಾಸಣೆಯ ಒಬಿಡಿ ಸಾಕೆಟ್ ಇರುತ್ತದೆ. ಅದಕ್ಕೊಂದು ಇಎಲ್‌ಎಂ327 ಬ್ಲೂಟೂತ್ ಅಡಾಪ್ಟರ್ ಚುಚ್ಚಿದರೆ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ನೋಡುತ್ತಿರುವ ನೀರಿನ ಶಾಖವೇ ಒಂದೊಂದು ಡಿಗ್ರಿ ಲೆಕ್ಕದಲ್ಲಿ ಮೊಬೈಲಿಗೆ ಬರುತ್ತದೆ. ಪೈಪ್ ಕೊಯ್ಯುವುದಿಲ್ಲ, ವೈರ್ ಎಳೆಯುವುದಿಲ್ಲ. ವಾರಗಟ್ಟಲೆ ನಿಲ್ಲಿಸುವ ಗಾಡಿಯಲ್ಲಿ ಅಡಾಪ್ಟರನ್ನು ಕಿತ್ತಿಡಬೇಕು, ಇಲ್ಲವಾದರೆ ಬ್ಯಾಟರಿ ಇಳಿಯುತ್ತದೆ, ಅಷ್ಟೇ. ಸಣ್ಣ ಕಾರುಗಳಲ್ಲಿ ಆಯಿಲ್ ಪ್ರೆಷರ್ ಮಾತ್ರ ಆ ದಾರಿಯಲ್ಲಿ ಬರುವುದಿಲ್ಲ. ಅಲ್ಲಿ ಇರುವುದೇ ಆನ್–ಆಫ್ ಸ್ವಿಚ್ಚು, ಇಸಿಯುಗೂ ಅಂಕಿ ಗೊತ್ತಿಲ್ಲ.

ಹಳೆಯ ಜೀಪು, ಒಬಿಡಿ ಇಲ್ಲದ ಡೀಸೆಲ್, ಮೊಬೈಲ್ ನೋಡುತ್ತ ಓಡಿಸಲು ಮನಸ್ಸಿಲ್ಲದವರು — ಇವರಿಗೆ ನೀರಿನ ಮೀಟರ್ ಬೇಕೇ ಬೇಕು. ಆಯಿಲ್ ಟೆಂಪರೇಚರ್ ಮೂರನೆಯದು. ಟರ್ಬೊ ಡೀಸೆಲ್ಲಿಗೆ ಟರ್ಬೊ ತಳ್ಳುವ ಗಾಳಿಯ ಒತ್ತಡ ತೋರಿಸುವ ಬೂಸ್ಟ್ ಮೀಟರ್ ನಾಲ್ಕನೆಯದು, ಅದು ಅಗತ್ಯಕ್ಕಿಂತ ಖುಷಿಗೆ.

ಮೀಟರುಗಳಲ್ಲಿ ಎರಡು ಜಾತಿ. ಮೆಕ್ಯಾನಿಕಲ್ ಹೀಟ್ ಮೀಟರಿಗೆ ನೀರಿನ ಶಾಖ ಹಿಡಿಯುವ ಲೋಹದ ಬಲ್ಬ್, ಅದರಿಂದ ಡಯಲ್‌ವರೆಗೆ ಕೂದಲಿನಷ್ಟು ಸಣ್ಣ ರಂಧ್ರದ ಮೊಹರು ಹಾಕಿದ ನಳಿಕೆ. ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಇದೇ. ಕರೆಂಟ್ ಬೇಡ, ವೋಲ್ಟೇಜ್ ಏರಿಳಿದರೆ ಮುಳ್ಳು ಅಲುಗುವುದಿಲ್ಲ, ವರ್ಷಗಟ್ಟಲೆ ಸರಿಯಾಗಿ ತೋರಿಸುತ್ತದೆ. ಆದರೆ ನಳಿಕೆಯನ್ನು ಕತ್ತರಿಸಿ ಗಿಡ್ಡ ಮಾಡುವ ಹಾಗಿಲ್ಲ, ಮಡಚಿ ಮುರಿದರೆ ಮೀಟರೇ ಸತ್ತಂತೆ. ಉಳಿದ ಉದ್ದವನ್ನು ಅಂಗೈ ಅಗಲದ ಸುರುಳಿ ಮಾಡಿ ಕಟ್ಟಬೇಕು, ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಫೈರ್‌ವಾಲಿನಲ್ಲಿ ಇಡೀ ಬಲ್ಬ್ ತೂರುವಷ್ಟು ತೂತು ಬೇಕು. ಮೆಕ್ಯಾನಿಕಲ್ ಆಯಿಲ್ ಮೀಟರನ್ನಂತೂ ಮುಚ್ಚಿದ ಕಾರಿಗೆ ಹಾಕಿಸಬೇಡಿ ಎಂದೇ ಹೇಳುತ್ತೇನೆ. ಕುದಿಯುವ ಆಯಿಲ್ಲೇ ನಳಿಕೆಯಲ್ಲಿ ಡ್ಯಾಶ್‌ಬೋರ್ಡಿನ ತನಕ ಬರುತ್ತದೆ. ನೈಲಾನ್ ನಳಿಕೆ ಸೈಲೆನ್ಸರಿಗೆ ತಾಗಿದರೆ ಕರಗುತ್ತದೆ, ತಾಮ್ರದ್ದು ಅದುರಿ ಅದುರಿ ಗಡುಸಾಗಿ ಬಿರಿಯುತ್ತದೆ. ಬಿರಿದರೆ ಬಿಸಿ ಆಯಿಲ್ ಬೀಳುವುದು ಡ್ರೈವರ್ ಕಾಲ ಮೇಲೆ. ಪೆಟ್ರೋಲ್ ಒತ್ತಡದ ನಳಿಕೆಯನ್ನು ಕ್ಯಾಬಿನ್ನಿನೊಳಗೆ ತರುವ ಮಾತೇ ಬೇಡ.

ಎಲೆಕ್ಟ್ರಿಕ್ ಮೀಟರಿನಲ್ಲಿ ಡಯಲ್ ಮತ್ತು ಸೆಂಡರ್ ಗಂಡಹೆಂಡಿರಿದ್ದ ಹಾಗೆ, ಒಂದನ್ನು ತಂದು ಇನ್ನೊಂದಕ್ಕೆ ಜೋಡಿಸಲಾಗದು. ವಿಡಿಒ ಕಂಪನಿಯ ಮಾದರಿಯ ಪ್ರೆಷರ್ ಸೆಂಡರಿನ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಒತ್ತಡ ಸೊನ್ನೆ ಇದ್ದಾಗ 10 ಓಮ್, ತುಂಬ ಇದ್ದಾಗ ಸುಮಾರು 180 ಓಮ್. ಅಮೆರಿಕದ ಹಳೆಯ ಪದ್ಧತಿಯದು ತಿರುವುಮುರುವು, ಸೊನ್ನೆಗೆ 240, ತುಂಬಿದಾಗ 33. ಸ್ಟೆಪರ್ ಮೋಟರಿನ ಹೊಸ ಮೀಟರುಗಳಿಗೆ ಮೂರು ವೈರಿನ ಸೆಂಡರ್ ಬರುತ್ತದೆ, 5 ವೋಲ್ಟ್ ಕೊಟ್ಟರೆ ಅರ್ಧ ವೋಲ್ಟಿನಿಂದ ನಾಲ್ಕೂವರೆ ವೋಲ್ಟ್‌ವರೆಗೆ ವಾಪಸ್ಸು ಕೊಡುತ್ತದೆ. ಸೆಂಡರ್ ಕೆಟ್ಟಾಗ “ಇದೂ ಅದೇ ಸೈಜ್ ಐತ್ರಿ” ಎಂದು ಬೇರೆಯದನ್ನು ಕೊಟ್ಟರೆ ಮೀಟರ್ ಓಡುತ್ತದೆ, ತೋರಿಸುವ ಅಂಕಿ ಮಾತ್ರ ಯಾರ ಮನೆಯದೋ.

ಥ್ರೆಡ್ಡಿನ ರಗಳೆ

ಆಯಿಲ್ ಪ್ರೆಷರ್ ಸೆಂಡರ್ ಕೂರುವ ಸಹಜ ಜಾಗ ಕಂಪನಿಯ ಕೆಂಪು ದೀಪದ ಸ್ವಿಚ್ಚಿನ ತೂತು. ಅಲ್ಲಿಗೊಂದು ಟೀ, ಅಂದರೆ ಮೂರು ಬಾಯಿಯ ಜೋಡಣೆ ಹಾಕಿ, ಒಂದು ಬಾಯಿಗೆ ಹಳೆ ಸ್ವಿಚ್ಚು, ಇನ್ನೊಂದಕ್ಕೆ ಹೊಸ ಸೆಂಡರ್. ಹಳೆ ಸ್ವಿಚ್ಚನ್ನು ತೆಗೆದೊಗೆಯಬಾರದು. ಓಡಿಸುವವರ ಕಣ್ಣು ರಸ್ತೆ ಮೇಲಿರುತ್ತದೆ, ಮುಳ್ಳು ಸೊನ್ನೆಗೆ ಬಿದ್ದದ್ದು ಕಾಣುವ ಮುಂಚೆ ದೀಪ ಕಾಣುತ್ತದೆ.

ಹೆಚ್ಚಿನ ಕೆಲಸಗಳು ಕೆಡುವುದು ಈ ತೂತಿನಲ್ಲೇ. ಮೂರು ಥ್ರೆಡ್‌ಗಳು ನೋಡಲಿಕ್ಕೆ ಅಣ್ಣತಮ್ಮಂದಿರಂತಿವೆ: ಅಮೆರಿಕದ 1/8 ಎನ್‌ಪಿಟಿ, ಬ್ರಿಟನ್ನಿನ 1/8 ಬಿಎಸ್‌ಪಿಟಿ, ಮೆಟ್ರಿಕ್ ಎಂ10×1. ಎನ್‌ಪಿಟಿಯಲ್ಲಿ ಇಂಚಿಗೆ 27 ಸುತ್ತು, ಹಲ್ಲಿನ ಕೋನ 60 ಡಿಗ್ರಿ. ಬಿಎಸ್‌ಪಿಟಿಯಲ್ಲಿ 28 ಸುತ್ತು, ಕೋನ 55 ಡಿಗ್ರಿ. ಇವೆರಡೂ ತುದಿಗೆ ಸಪೂರಾಗುವ ಟೇಪರ್ ಥ್ರೆಡ್. ಎಂ10×1 ಸಾಮಾನ್ಯವಾಗಿ ನೆಟ್ಟಗಿರುತ್ತದೆ, ತಾಮ್ರದ ವಾಷರ್ ಮೇಲೆ ಸೀಲ್ ಆಗುತ್ತದೆ. ಜಪಾನಿ ಮೂಲದ ಎಂಜಿನ್‌ಗಳಲ್ಲಿ ಹೆಚ್ಚಾಗಿ ಬಿಎಸ್‌ಪಿಟಿ, ಯುರೋಪಿನವುಗಳಲ್ಲಿ ಹೆಚ್ಚಾಗಿ ಮೆಟ್ರಿಕ್. ಪೇಟೆಯಲ್ಲಿ ಸಿಗುವ ಸೆಂಡರ್‌ಗಳು ಬಹುಪಾಲು ಎನ್‌ಪಿಟಿ. ಎನ್‌ಪಿಟಿ ಸೆಂಡರನ್ನು ಬಿಎಸ್‌ಪಿಟಿ ತೂತಿಗೆ ತಿರುಗಿಸಿದರೆ ಮೊದಲ ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿ. ಪಾನಾ ಹಾಕಿ ಒತ್ತಿದರೆ ಇನ್ನೊಂದು ಸುತ್ತು ಹೋಗುತ್ತದೆ, ಕೂತಿತೆಂದೇ ಕೈಗೆ ಅನ್ನಿಸುತ್ತದೆ. ಒಳಗೆ ಅಲ್ಯೂಮಿನಿಯಂ ಹಲ್ಲು ನುರಿದಿರುತ್ತದೆ. ಎಂಜಿನ್ ಬಿಸಿಯಾದ ಮೇಲೆ ಅಲ್ಲಿಂದ ಆಯಿಲ್ ಒಸರಲು ಶುರು.

ಆದ್ದರಿಂದ ಹಳೆ ಸ್ವಿಚ್ಚನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹೋಗಿ. ಥ್ರೆಡ್ ಅಳೆಯುವ ಪಿಚ್ ಗೇಜಿನ ಹಲ್ಲನ್ನು ಅದರ ಮೇಲಿಟ್ಟು ಬೆಳಕಿಗೆ ಹಿಡಿದರೆ 27ಕ್ಕೂ 28ಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ: ಸರಿಯಾದ ಹಲ್ಲು ಕೂತರೆ ಸಂದಿಯಲ್ಲಿ ಬೆಳಕು ತೂರುವುದಿಲ್ಲ. ಬೇಕಾದ ಅಡಾಪ್ಟರ್ ಅಂಗಡಿಯಲ್ಲಿ ಸಿಗದಿದ್ದರೆ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟ್ ಕಡೆ ಯಾವುದಾದರೂ ಲೇಥ್ ಅಂಗಡಿಯಲ್ಲಿ ಮಾಡಿಸಿಕೊಳ್ಳಬಹುದು. ಹಿತ್ತಾಳೆಗಿಂತ ಉಕ್ಕಿನಲ್ಲಿ ಮಾಡಿಸಿ.

ಉಕ್ಕು ಏಕೆಂದರೆ, ವಿಡಿಒ ಮಾದರಿಯ ಪ್ರೆಷರ್ ಸೆಂಡರ್ ಒಂದು ಸಣ್ಣ ಡಬ್ಬಿಯ ಗಾತ್ರದ್ದು, ತೂಕವೂ ಇದೆ. ಅದನ್ನು ಹಿತ್ತಾಳೆ ಟೀಯ ಕೊನೆಗೆ ನೇತುಹಾಕಿದರೆ ಎಂಜಿನ್ ಅದುರುವ ಪ್ರತಿ ಸಲ ಟೀಯ ಕುತ್ತಿಗೆ ಬಾಗುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಒಂದು ದಿನ ಅಲ್ಲೇ ತುಂಡಾಗುತ್ತದೆ. ಸಣ್ಣ ಕಾರಿನ ಚೇಂಬರಿನಲ್ಲಿ ಇರುವುದೇ ಮೂರು, ಮೂರೂವರೆ ಲೀಟರ್ ಆಯಿಲ್, ಪಂಪು ಅದನ್ನು ರಸ್ತೆಗೆ ಚೆಲ್ಲಿ ಮುಗಿಸಲು ಹೆಚ್ಚು ಹೊತ್ತು ಬೇಡ. ಸರಿಯಾದ ಕ್ರಮ ಎಂದರೆ ಎಂಜಿನ್ನಿನ ತೂತಿಗೆ ಒಂದು ಚಿಕ್ಕ ಅಡಾಪ್ಟರ್, ಅಲ್ಲಿಂದ 30–45 ಸೆಂಟಿಮೀಟರಿನ ಉಕ್ಕಿನ ಬಲೆ ಹೆಣೆದ ಟೆಫ್ಲಾನ್ ಹೋಸ್, ಅದರ ಇನ್ನೊಂದು ತುದಿಯ ಟೀಯನ್ನು ಕ್ಲಾಂಪ್ ಹಾಕಿ ಗಾಡಿಯ ಬಾಡಿಯ ತಗಡಿಗೆ ಬಿಗಿಯುವುದು. ಸೆಂಡರ್ ಎಂಜಿನ್ ಬಿಟ್ಟು ಬಾಡಿಯ ಮೇಲೆ ಬಂದಾಗ ಅದರ ಮೈಗೂ ಹಳೆ ಸ್ವಿಚ್ಚಿನ ಮೈಗೂ ಬೇರೆ ಅರ್ಥಿಂಗ್ ವೈರ್ ಬೇಕು. ಹೋಸಿನ ಉಕ್ಕಿನ ಬಲೆಯನ್ನು ನಂಬಬಾರದು. ಮೂರು ವೈರಿನ ಸೆಂಡರುಗಳು ಹಗುರ, ಅವಕ್ಕೆ ಇಷ್ಟೆಲ್ಲ ಉಪಚಾರ ಬೇಕಿಲ್ಲ.

ಟೆಫ್ಲಾನ್ ಟೇಪನ್ನು ನಲ್ಲಿಗೆ ಸುತ್ತಿದ ಹಾಗೆ ಸುತ್ತುವ ಮೇಸ್ತ್ರಿಗಳಿದ್ದಾರೆ. ಎರಡು ತೊಂದರೆ. ಟೇಪಿನ ಚೂರು ಹರಿದು ಆಯಿಲ್ ದಾರಿಯೊಳಗೆ ಹೋದರೆ ಸಣ್ಣ ರಂಧ್ರ ಕಟ್ಟಿಕೊಳ್ಳುತ್ತದೆ. ಒಂದೇ ವೈರಿನ ಸೆಂಡರ್ ಥ್ರೆಡ್ಡಿನಿಂದಲೇ ಅರ್ಥಿಂಗ್ ಪಡೆಯುವುದರಿಂದ ದಪ್ಪ ಟೇಪು ಕರೆಂಟಿಗೂ ಅಡ್ಡ ನಿಲ್ಲುತ್ತದೆ. ಟೇಪರ್ ಥ್ರೆಡ್ಡಿಗೆ ದ್ರವರೂಪದ ಥ್ರೆಡ್ ಸೀಲೆಂಟ್ ಒಳ್ಳೆಯದು. ತುದಿಯ ಎರಡು ಸುತ್ತು ಬಿಟ್ಟು, ಮೇಲಿನ ಮೂರ್ನಾಲ್ಕು ಸುತ್ತಿಗೆ ತೆಳ್ಳಗೆ ಹಚ್ಚಿದರೆ ಸಾಕು. ಹಚ್ಚಿದ ಮೇಲೆ ಮಲ್ಟಿಮೀಟರಿನಲ್ಲಿ ಸೆಂಡರ್ ಮೈಯಿಂದ ಬ್ಯಾಟರಿ ಮೈನಸ್‌ಗೆ ರೆಸಿಸ್ಟೆನ್ಸ್ ನೋಡಿ, ಅರ್ಧ ಓಮ್ ಒಳಗಿರಬೇಕು. ಬಿಗಿ 12ರಿಂದ 15 ನ್ಯೂಟನ್ ಮೀಟರ್, ಅಂದರೆ ಗಿಡ್ಡ ಪಾನಾದಲ್ಲಿ ಮಣಿಕಟ್ಟಿನ ಬಲವಷ್ಟೇ. ಟೇಪರ್ ಥ್ರೆಡ್ ಬೆಣೆಯಂತೆ ಒತ್ತುತ್ತದೆ, ಮೈಬಲ ಹಾಕಿದರೆ ಅಲ್ಯೂಮಿನಿಯಂ ಮೈ ಸೀಳುತ್ತದೆ.

ಆಯಿಲ್ ಟೆಂಪರೇಚರ್ ಬೇಕಿದ್ದರೆ ಫಿಲ್ಟರ್ ಮತ್ತು ಬ್ಲಾಕ್ ನಡುವೆ ಕೂರುವ ಸ್ಯಾಂಡ್‌ವಿಚ್ ಪ್ಲೇಟ್ ಇದೆ. ಫಿಲ್ಟರಿನ ಥ್ರೆಡ್ ನೋಡಿ ಕೊಳ್ಳಬೇಕು, ಎಂ20×1.5 ಮತ್ತು 3/4–16 ಎರಡೂ ಚಾಲ್ತಿಯಲ್ಲಿವೆ. ಪ್ಲೇಟು ಹಾಕಿದರೆ ಫಿಲ್ಟರ್ ಸುಮಾರು 25–30 ಮಿಮೀ ಹೊರಗೆ ಬರುತ್ತದೆ. ಫಿಲ್ಟರ್ ಕೆಳಮುಖವಾಗಿರುವ ಗಾಡಿಯಲ್ಲಿ ನಮ್ಮ ಹಳ್ಳಿ ರಸ್ತೆಗಳ ಹಂಪ್ಸ್ ನೆನಪಿಟ್ಟುಕೊಂಡು ನಿರ್ಧರಿಸಿ. ಡ್ರೇನ್ ಪ್ಲಗ್ಗಿನ ಜಾಗಕ್ಕೇ ಸೆಂಡರ್ ಹಾಕುವ ಅಡಾಪ್ಟರೂ ಸಿಗುತ್ತದೆ. ಮುಂಡರಗಿ, ಶಿರಹಟ್ಟಿ ಕಡೆ ಓಡಾಡುವವರು ಅದರ ಗೋಜಿಗೆ ಹೋಗದಿರುವುದೇ ವಾಸಿ.

ಹೋಸ್ ಪೈಪ್ ಕೊಯ್ಯುವ ಮುನ್ನ

ನೀರಿನ ಸೆಂಡರಿಗೆ ರೇಡಿಯೇಟರಿನ ಮೇಲಿನ ಹೋಸ್‌ನಲ್ಲಿ ಅಲ್ಯೂಮಿನಿಯಂ ಅಡಾಪ್ಟರ್ ಕೂರಿಸುವುದು ರೂಢಿ. 28ರಿಂದ 38 ಮಿಮೀವರೆಗೆ ಎರಡೆರಡು ಮಿಲಿಮೀಟರ್ ಅಂತರದಲ್ಲಿ ಸಿಗುತ್ತವೆ. ಹೋಸಿನ ಹೊರಗಿನ ಅಳತೆ ತೆಗೆದುಕೊಂಡರೆ ತಪ್ಪುತ್ತದೆ. ಒಳಗಿನ ಅಳತೆ ಬೇಕು, ಅಂದರೆ ಹೋಸ್ ಏರಿಸಿರುವ ರೇಡಿಯೇಟರ್ ಮೂತಿಯ ಅಳತೆ.

ಆದರೆ ಆ ಹೋಸ್‌ನಲ್ಲಿ ಓಡುವುದು ಯಾವ ನೀರು ಎಂದು ಮೊದಲು ತಿಳಿಯಬೇಕು. ಶಾಖ ಏರಿದಾಗ ನೀರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಎಂಜಿನ್‌ನಿಂದ ನೀರು ಹೊರಬರುವ ಬಾಯಲ್ಲಿದ್ದರೆ, ಅದು 82 ಅಥವಾ 88ಕ್ಕೆ ತೆರೆಯುವ ತನಕ ಮೇಲಿನ ಹೋಸಿಗೆ ಬಿಸಿನೀರು ಬರುವುದೇ ಇಲ್ಲ. ಮುಳ್ಳು 40–50ರಲ್ಲಿ ಕೂತಿದ್ದು ಒಮ್ಮೆಲೇ ಜಿಗಿಯುತ್ತದೆ. ಇದು ಮೀಟರಿನ ದೋಷವಲ್ಲ. ಥರ್ಮೋಸ್ಟಾಟ್ ಕೆಳಗಿನ ಹೋಸ್ ಕಡೆ ಇರುವ ಎಂಜಿನ್‌ಗಳಲ್ಲಿ ಮುಳ್ಳು ನಿಧಾನವಾಗಿ ಸಮನಾಗಿ ಏರುತ್ತದೆ. ಥರ್ಮೋಸ್ಟಾಟ್ ಮುಚ್ಚಿದಲ್ಲೇ ಸಿಕ್ಕಿಕೊಂಡರೆ ಮೊದಲ ಬಗೆಯ ಗಾಡಿಯಲ್ಲಿ ಎಂಜಿನ್ ಕುದಿಯುತ್ತಿರುತ್ತದೆ, ಹೋಸಿನ ಮೀಟರ್ ಮಾತ್ರ ತಣ್ಣಗೆ ತೋರಿಸುತ್ತದೆ. ಅಂಥ ಎಂಜಿನ್‌ನಲ್ಲಿ ಹೆಡ್ಡಿನ ಮೇಲೆ ಖಾಲಿ ಪ್ಲಗ್ ಏನಾದರೂ ಇದ್ದರೆ ಅಲ್ಲೇ ಸೆಂಡರ್ ಹಾಕುವುದು ಉತ್ತಮ.

ಎಂಜಿನ್ ಪೂರ್ತಿ ತಣ್ಣಗಿದ್ದಾಗ ಮುಚ್ಚಳ ತೆಗೆದು, ರೇಡಿಯೇಟರಿನ ಕೆಳಗಿನ ಪ್ಲಗ್‌ನಿಂದ ಕೂಲಂಟ್ ಇಳಿಸಿ. ಮೇಲಿನ ಹೋಸ್ ಖಾಲಿಯಾಗಲು ಸಣ್ಣ ಕಾರಿನಲ್ಲಿ ಎರಡು ಲೀಟರ್ ಇಳಿಸಿದರೆ ಸಾಕಾಗುತ್ತದೆ. ಹೋಸಿನ ನೆಟ್ಟನೆಯ ಭಾಗ ಹುಡುಕಿ. ಬಾಗಿದಲ್ಲಿ ಕೊಯ್ದರೆ ಅಡಾಪ್ಟರ್ ಓರೆ ಕೂತು ಒಂದು ಬದಿ ಒಸರುತ್ತದೆ. ಅಡಾಪ್ಟರ್ 60–70 ಮಿಮೀ ಉದ್ದ ಇದ್ದು, ಎರಡೂ ಕಡೆ 20–25 ಮಿಮೀ ಹೋಸಿನೊಳಗೆ ಹೋಗುತ್ತದೆ. ನಡುವೆ ಬಯಲಾಗಿರುವ ಭಾಗದಷ್ಟೇ ಹೋಸನ್ನು ಕತ್ತರಿಸಿ ತೆಗೆಯಬೇಕು. ಕೊಯ್ದು ಹಾಗೇ ಸೇರಿಸಿದರೆ ಹೋಸ್ ಉದ್ದವಾಗಿ ಉಬ್ಬಿ ಫ್ಯಾನಿಗೋ ಬೆಲ್ಟಿಗೋ ತಾಗುತ್ತದೆ. ಕ್ಲಿಪ್ಪು ಹೋಸಿನ ತುದಿಯಿಂದ ಐದು ಮಿಮೀ ಒಳಗೆ, ಅಡಾಪ್ಟರಿನ ಉಬ್ಬುಗೆರೆ ದಾಟಿ ಕೂರಬೇಕು. ಗೆರೆಯ ಮೇಲೇ ಬಿಗಿದರೆ ಜಾರುತ್ತದೆ.

ಸೆಂಡರಿನ ಮುಖ ಪಕ್ಕಕ್ಕೋ ಓರೆಯಾಗಿ ಕೆಳಕ್ಕೋ ಇರಲಿ, ನೆತ್ತಿಗೆ ಬೇಡ. ನೆತ್ತಿಯಲ್ಲಿ ಗಾಳಿ ಗುಳ್ಳೆ ನಿಲ್ಲುತ್ತದೆ, ಸೆಂಡರ್ ಅಳೆಯುವುದು ಗಾಳಿಯ ಶಾಖವನ್ನು. ನೀರಿನಲ್ಲಿ ಮುಳುಗಿರದ ಸೆಂಡರ್ ಯಾವಾಗಲೂ ಕಡಿಮೆಯೇ ತೋರಿಸುತ್ತದೆ. ಈ ಒಂದು ಮಾತನ್ನು ಡ್ಯಾಶ್‌ಬೋರ್ಡ್ ಮೇಲೆ ಬರೆದು ಅಂಟಿಸಬೇಕು. ಹೋಸ್ ಒಡೆದು ನೀರೆಲ್ಲ ಸೋರಿದಾಗ ಮುಳ್ಳು ಏರುತ್ತಲೇ ಹೋಗುವುದಿಲ್ಲ, ಏರುತ್ತ ಏರುತ್ತ ಫಕ್ಕನೆ ಇಳಿಯುತ್ತದೆ. “ಹೀಟ್ ಕಡಿಮಿ ಆತು” ಎಂದು ಓಡಿಸಿಕೊಂಡು ಹೋದವರ ಹೆಡ್ ಸೊಟ್ಟಗಾಗುವುದು ಹೀಗೆ. ಆ ಗಳಿಗೆಯಲ್ಲಿ ಹೀಟರ್ ಹಾಕಿ ನೋಡಿ, ಬಿಸಿಗಾಳಿ ಬರದಿದ್ದರೆ ನೀರಿಲ್ಲ ಎಂದೇ ಅರ್ಥ, ಕೂಡಲೇ ಎಂಜಿನ್ ಬಂದ್ ಮಾಡಿ.

ವಾಪಸ್ಸು ತುಂಬುವಾಗ ಬೋರಿನ ನೀರು ಬೇಡ. ಗದಗ ಕಡೆಯ ಬೋರ್ ನೀರು ಗಡಸು. ಕೆಲವು ತಿಂಗಳಲ್ಲೇ ಸೆಂಡರಿನ ತುದಿಗೆ ಬಿಳಿ ಸುಣ್ಣದ ಪದರ ಕಟ್ಟುತ್ತದೆ, ಮುಳ್ಳು ನಿಜಕ್ಕಿಂತ ಹಿಂದೆ ಹಿಂದೆ ಓಡುತ್ತದೆ. ರೇಡಿಯೇಟರ್ ನಳಿಕೆಗಳಲ್ಲೂ ಅದೇ ಸುಣ್ಣ. ಕೂಲಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ. ಹೀಟರ್ ನಾಬ್ ಬಿಸಿ ಕಡೆಗಿಟ್ಟು, ಮುಚ್ಚಳ ತೆರೆದೇ ಐಡಲ್‌ನಲ್ಲಿ ಬಿಟ್ಟು, ಫ್ಯಾನ್ ಎರಡು ಸಲ ಓಡಿ ನಿಲ್ಲುವ ತನಕ ಗುಳ್ಳೆ ಬಿಡಿಸಿ, ಕಡಿಮೆಯಾದಷ್ಟು ತುಂಬಿ.

ಅರ್ಥಿಂಗ್

ಹೋಸ್ ಅಡಾಪ್ಟರಿನ ಎರಡೂ ಕಡೆ ರಬ್ಬರ್. ಎಂಜಿನ್ನಿಗೂ ಬಾಡಿಗೂ ಅದಕ್ಕೆ ಸಂಬಂಧವೇ ಇಲ್ಲ. ಕೂಲಂಟ್ ಸ್ವಲ್ಪ ಕರೆಂಟ್ ಹರಿಸುತ್ತದಾದ್ದರಿಂದ ಮುಳ್ಳು ಒಂದಿಷ್ಟು ಅಲುಗಿ ಮೋಸ ಮಾಡುತ್ತದೆ. ಒಂದೇ ವೈರಿನ ಸೆಂಡರ್ ಹಾಕಿದ್ದರೆ ಅಡಾಪ್ಟರಿನ ಮೈಗೆ ಸಣ್ಣ ಸ್ಕ್ರೂ ಹಾಕಿ ಅಲ್ಲಿಂದ ಎಂಜಿನ್ ಬ್ಲಾಕಿಗೆ ವೈರ್ ಕೊಡಲೇಬೇಕು.

ಕೆಟ್ಟ ಅರ್ಥಿಂಗ್ ಏನು ಮಾಡುತ್ತದೆ ಎಂಬ ಲೆಕ್ಕ ನೋಡಿ. 120 ಡಿಗ್ರಿಯ ವಿಡಿಒ ಟೆಂಪರೇಚರ್ ಸೆಂಡರ್ 90 ಡಿಗ್ರಿಯಲ್ಲಿ ಸುಮಾರು 51 ಓಮ್, 100ರಲ್ಲಿ ಸುಮಾರು 38 ಓಮ್. ಬಿಸಿಯಾದಷ್ಟೂ ಓಮ್ ಇಳಿಯುತ್ತದೆ. ತುಕ್ಕು ಹಿಡಿದ ಬೋಲ್ಟಿನಿಂದ ದಾರಿಯಲ್ಲಿ 5 ಓಮ್ ಹೆಚ್ಚಾದರೆ, ನಿಜವಾದ 100 ಡಿಗ್ರಿ ಮೀಟರಿನಲ್ಲಿ ಸುಮಾರು 96 ಆಗಿ ಕಾಣುತ್ತದೆ. ಪ್ರೆಷರ್ ಸೆಂಡರಿನಲ್ಲಿ ಒತ್ತಡ ಏರಿದಷ್ಟೂ ಓಮ್ ಏರುತ್ತದೆ. ಹತ್ತು ಬಾರಿನ ಸೆಂಡರಿಗೆ ಬಾರ್ ಒಂದಕ್ಕೆ ಸುಮಾರು 17 ಓಮ್. ಅದೇ 5 ಓಮ್ ಅಲ್ಲಿ ಸೇರಿದರೆ 0.3 ಬಾರ್ ಹೆಚ್ಚು ತೋರುತ್ತದೆ, 0.6 ಇದ್ದದ್ದು 0.9 ಆಗುತ್ತದೆ. ಅಂದರೆ ತಪ್ಪು ಎರಡೂ ಕಡೆ ಸಮಾಧಾನದ ದಿಕ್ಕಿಗೇ ಹೋಗುತ್ತದೆ: ಶಾಖ ಇರುವುದಕ್ಕಿಂತ ಕಡಿಮೆ, ಒತ್ತಡ ಇರುವುದಕ್ಕಿಂತ ಹೆಚ್ಚು. ಕಂಪನಿಯ ಮುಳ್ಳು ಬೇಡವೆಂದು ದುಡ್ಡು ಕೊಟ್ಟು ಹಾಕಿಸಿದ ಮೀಟರು ಕೊನೆಗೆ ಅದರ ಕೆಲಸವನ್ನೇ ಮಾಡುತ್ತ ಕೂತಿರುತ್ತದೆ.

ಗುರುತು ಹಿಡಿಯುವುದು ಸುಲಭ. ರಾತ್ರಿ ಹೆಡ್‌ಲೈಟ್ ಹಾಕಿದಾಗಲೋ ಬ್ಲೋವರ್ ತಿರುಗಿಸಿದಾಗಲೋ ಮುಳ್ಳು ಕುಣಿದರೆ ಅರ್ಥಿಂಗ್ ಹೊಲಸಾಗಿದೆ ಎಂದರ್ಥ. ಎಂಜಿನ್ ಓಡುತ್ತಿರುವಾಗ, ಎಲ್ಲ ದೀಪ ಹಾಕಿ, ಮೀಟರಿನ ಅರ್ಥಿಂಗ್ ತುದಿಗೂ ಸೆಂಡರಿನ ಮೈಗೂ ನಡುವೆ ವೋಲ್ಟೇಜ್ ನೋಡಿ. 0.1 ವೋಲ್ಟಿಗಿಂತ ಹೆಚ್ಚಿದ್ದರೆ ಬ್ಲಾಕಿನಿಂದ ಬಾಡಿಗೆ ಬರುವ ಪಟ್ಟಿಯನ್ನೇ ಬಿಚ್ಚಿ, ಬಣ್ಣ ಕೆರೆದು, ಉಜ್ಜಿ, ಮತ್ತೆ ಬಿಗಿಯಬೇಕು. ಮೀಟರಿನ ಅರ್ಥಿಂಗನ್ನು ಡ್ಯಾಶ್‌ಬೋರ್ಡಿನ ಯಾವುದೋ ಸ್ಕ್ರೂಗೆ ಸಿಕ್ಕಿಸುವ ಚಾಳಿ ಬಿಟ್ಟುಬಿಡಿ. ಎರಡು ವೈರಿನ ಸೆಂಡರ್ ಸಿಕ್ಕರೆ ನೂರಿನ್ನೂರು ಹೆಚ್ಚು ಕೊಟ್ಟಾದರೂ ಅದನ್ನೇ ತನ್ನಿ, ಅರ್ಧ ತಲೆನೋವು ತಪ್ಪುತ್ತದೆ.

ಉಳಿದ ವೈರಿಂಗ್ ಕಷ್ಟದ್ದಲ್ಲ. ಇಗ್ನಿಷನ್‌ನಲ್ಲಿ ಬರುವ 12 ವೋಲ್ಟನ್ನು ಫ್ಯೂಸ್ ಬಾಕ್ಸಿನಿಂದ ಫ್ಯೂಸ್ ಟ್ಯಾಪ್ ಹಾಕಿ ತೆಗೆದುಕೊಳ್ಳಿ, 3 ಆಂಪಿಯರ್ ಫ್ಯೂಸ್ ಸಾಕು. ಆಕ್ಸೆಸರಿ ಲೈನ್ ಬೇಡ, ಸೆಲ್ಫ್ ಹೊಡೆಯುವಾಗ ಅದು ಸತ್ತಿರುತ್ತದೆ, ಮೊದಲ ಕೆಲವು ಸೆಕೆಂಡಿನ ಪ್ರೆಷರ್ ಕಾಣುವುದಿಲ್ಲ. ಡಯಲ್ ದೀಪಕ್ಕೆ ಪಾರ್ಕಿಂಗ್ ಲೈಟಿನ ಲೈನು. ವೈರ್ 0.5ರಿಂದ 0.75 ಚದರ ಮಿಮೀ. ಕಂಪನಿಯ ವೈರ್ ಸುಲಿದು ಸುತ್ತಿ ಇನ್ಸುಲೇಷನ್ ಟೇಪ್ ಹಾಕುವುದು ಬೇಡ. ನಮ್ಮ ಸೆಕೆಗೆ ಆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ, ವಾರಂಟಿ ಇರುವ ಗಾಡಿಯಲ್ಲಿ ಕೊಯ್ದ ವೈರೇ ಶೋರೂಮಿನವರಿಗೆ ನೆಪ. ಲಗ್ ಒತ್ತಿ ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿಸಿ. ಫೈರ್‌ವಾಲಿನಲ್ಲಿ ಇರುವ ರಬ್ಬರ್ ಗ್ರೋಮೆಟ್ಟಿನಲ್ಲೇ ವೈರ್ ತೂರಿಸಿ, ಬರಿ ತಗಡಿನ ತೂತಿನಲ್ಲಿ ಬೇಡ. ಸಿಗ್ನಲ್ ವೈರ್ ಇಗ್ನಿಷನ್ ಕಾಯಿಲ್ ಮತ್ತು ಆಲ್ಟರ್ನೇಟರ್ ವೈರಿನಿಂದ ದೂರವಿರಲಿ. ಹಳದಿ ಸ್ಲೀವಿನ ವೈರ್ ಕಂಡರೆ ಕೈ ಹಚ್ಚಬೇಡಿ, ಅದು ಏರ್‌ಬ್ಯಾಗ್. ಅದೇ ಕಾರಣಕ್ಕೆ ಕರ್ಟನ್ ಏರ್‌ಬ್ಯಾಗ್ ಇರುವ ಕಾರಿನ ಮುಂಗಂಬಕ್ಕೆ, ಅಂದರೆ ಮುಂದಿನ ಗಾಜಿನ ಪಕ್ಕದ ಕಂಬಕ್ಕೆ, 52 ಮಿಮೀ ಮೀಟರಿನ ಪಾಡ್ ಅಂಟಿಸುವ ಫ್ಯಾಷನ್ ಅಪಾಯ: ಬ್ಯಾಗ್ ಬಿಚ್ಚಿದರೆ ಮೀಟರ್ ಮುಖಕ್ಕೇ ಬರುತ್ತದೆ.

ಕೂರಿಸುವ ಮುನ್ನ ಪರೀಕ್ಷೆ ಮಾಡಿಬಿಡಿ. ಸ್ಟೀಲ್ ಪಾತ್ರೆಯಲ್ಲಿ ಕುದಿಯುವ ನೀರಿಗೆ ಸೆಂಡರಿನ ತುದಿ ಇಳಿಬಿಟ್ಟು, ಅದರ ಮೈಯಿಂದ ಒಂದು ವೈರನ್ನು ಅರ್ಥಿಂಗಿಗೆ ಕೊಟ್ಟು ಮೀಟರ್ ನೋಡಿ. 100 ತೋರಿಸಬೇಕೆಂದು ಕಾಯಬೇಡಿ. ಹುಬ್ಬಳ್ಳಿ, ಧಾರವಾಡ, ಗದಗ ಎಲ್ಲವೂ ಸಮುದ್ರಮಟ್ಟದಿಂದ ಆರೇಳುನೂರು ಮೀಟರ್ ಮೇಲಿವೆ, ಇಲ್ಲಿ ನೀರು ಕುದಿಯುವುದೇ ಸುಮಾರು 98ಕ್ಕೆ. ಮೀಟರ್ 96–100ರ ನಡುವೆ ಇದ್ದರೆ ಚಿಂತೆಯಿಲ್ಲ. ಎಂಜಿನ್ ಬಂದ್ ಇಟ್ಟು ಒಮ್ಮೆ, ಚಾಲೂ ಮಾಡಿ ಒಮ್ಮೆ ನೋಡಿ. 12.5 ವೋಲ್ಟಿಗೂ 14 ವೋಲ್ಟಿಗೂ ಬೇರೆ ಬೇರೆ ಅಂಕಿ ತೋರಿಸುವ ಅಗ್ಗದ ಮೀಟರುಗಳು ಇಲ್ಲೇ ಸಿಕ್ಕಿಬೀಳುತ್ತವೆ.

ಇದೇ 98ಕ್ಕೆ ಇನ್ನೊಂದು ಅರ್ಥವಿದೆ. ಅರ್ಧ ಕೂಲಂಟ್ ಇದ್ದು, 0.9 ಬಾರ್‌ನ ಮುಚ್ಚಳ ಗಟ್ಟಿಯಾಗಿದ್ದರೆ ಕುದಿತ 120 ದಾಟಿದ ಮೇಲಿನ ಮಾತು. ಬರಿ ನೀರು ತುಂಬಿ, ಮುಚ್ಚಳದ ರಬ್ಬರ್ ಸತ್ತಿದ್ದರೆ 98ಕ್ಕೇ ಕುದಿಯುತ್ತದೆ. ಹೆಚ್ಚಿನ ಕಾರುಗಳ ಫ್ಯಾನ್ ಶುರುವಾಗುವುದೇ 95–98ರ ಹತ್ತಿರ. ಫ್ಯಾನ್ ಏಳುವುದಕ್ಕೂ ನೀರು ಕುದಿಯುವುದಕ್ಕೂ ನಡುವೆ ಜಾಗವೇ ಇಲ್ಲದ ಗಾಡಿಗೆ ಎಷ್ಟು ಒಳ್ಳೆಯ ಮೀಟರ್ ಹಾಕಿದರೂ ಅಷ್ಟೇ, ಮೊದಲು ಮುಚ್ಚಳ ಬದಲಿಸಿ.

ಅಂಕಿ ಓದುವುದು

ಮೀಟರ್ ಹಾಕಿಸಿದ ಮೊದಲ ವಾರ ಎಲ್ಲರಿಗೂ ಎದೆ ಡವಡವ. ಚೆನ್ನಮ್ಮ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಎಸಿ ಹಾಕಿಕೊಂಡು ನಿಂತಾಗ ನೀರು 90ರಿಂದ ನೂರರ ತನಕ ಏರುವುದು, ಫ್ಯಾನ್ ಓಡಿ ಮತ್ತೆ ಇಳಿಯುವುದು ಸಹಜ. ಮೊದಲೂ ಹೀಗೇ ಆಗುತ್ತಿತ್ತು, ಮುಳ್ಳು ಹೇಳುತ್ತಿರಲಿಲ್ಲ. ಯಲ್ಲಾಪುರದಾಚೆಯ ಅರಬೈಲ್ ಘಟ್ಟದಲ್ಲಿ ಅಂಕೋಲಾದಿಂದ ಮೇಲೆ ಬರುವಾಗ ಆಯಿಲ್ 110ರ ಮೇಲೆ ಹೋದರೂ ಗಾಬರಿ ಬೇಡ, 130ರ ಕಡೆ ಹೊರಟರೆ ಗೇರ್ ಇಳಿಸಿ ನಿಧಾನಿಸಿ. ಆಯಿಲ್ ಬಿಸಿಯಾಗಲು ನೀರಿಗಿಂತ ಹೆಚ್ಚು ಹೊತ್ತು ಬೇಕು. ಬೆಳಗ್ಗೆ ನೀರು 85 ತೋರಿಸುವಾಗ ಆಯಿಲ್ ಇನ್ನೂ 50ರಲ್ಲಿ ಇರುತ್ತದೆ, ಅಷ್ಟರಲ್ಲೇ ರೇಸ್ ಕೊಡುವುದು ತಪ್ಪು ಎಂದು ಕಣ್ಣಾರೆ ಗೊತ್ತಾಗುವುದು ಆ ಮೂರನೆಯ ಮೀಟರಿನಿಂದಲೇ.

ಪ್ರೆಷರಿನಲ್ಲಿ ಬೆಳಗಿನ 4–5 ಬಾರ್ ನೋಡಿ ಹಿಗ್ಗಬೇಡಿ, ತಣ್ಣನೆ ಆಯಿಲ್ ದಪ್ಪವಿರುವುದರಿಂದ ಅದು. ನಿಜವಾದ ಅಂಕಿ ಅರ್ಧ ಗಂಟೆ ಓಡಿಸಿದ ಮೇಲಿನ ಐಡಲ್‌ನದು. 0.7ರಿಂದ 1 ಬಾರ್ ಇದ್ದರೆ ಒಳ್ಳೆಯದು. ಒಂದು ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ, ಅಂದರೆ 0.7 ಬಾರ್, ಎಂಬುದು ಹಳೆಯ ಅಂದಾಜು. 0ಡಬ್ಲ್ಯೂ–20ರಂಥ ತೆಳು ಆಯಿಲ್‌ನ ಹೊಸ ಎಂಜಿನ್‌ಗಳಲ್ಲಿ ಅದಕ್ಕಿಂತ ಕಡಿಮೆಯೂ ಇರಬಹುದು. ಗ್ಯಾರೇಜಿನಲ್ಲಿ “ಒಂದ್ ಕೇಜಿ ಐತಿ” ಎಂದರೆ ಹೆಚ್ಚುಕಡಿಮೆ ಒಂದು ಬಾರ್ ಎಂದೇ ತಿಳಿಯಿರಿ. ಅಂಕಿ ಎಷ್ಟಿದೆ ಎಂಬುದಕ್ಕಿಂತ, ಅದೇ ಆಯಿಲ್, ಅದೇ ಶಾಖ, ಅದೇ ಆರ್‌ಪಿಎಂನಲ್ಲಿ ಕಳೆದ ತಿಂಗಳು ಎಷ್ಟಿತ್ತು ಎಂಬುದು ಮುಖ್ಯ. ನಿಮ್ಮ ಗಾಡಿಯ ಅಂಕಿಗಳನ್ನು ಸರ್ವಿಸ್ ಪುಸ್ತಕದ ಹಿಂದೆ ಬರೆದಿಡಿ.

ನೀರಿನ ಮುಳ್ಳು ಯಾವಾಗ ಏರುತ್ತದೆ ಎಂಬುದರಲ್ಲೇ ಕಾರಣವೂ ಇರುತ್ತದೆ. ನಿಂತಾಗ ಏರಿ ಓಡಿದಾಗ ಇಳಿದರೆ ಫ್ಯಾನ್ ಅಥವಾ ಅದರ ರಿಲೇ. ಓಡುವಾಗ ಏರಿ ನಿಂತಾಗ ಇಳಿದರೆ ರೇಡಿಯೇಟರ್ ಕಟ್ಟಿದೆ. ಹೈವೇಯಲ್ಲಿ 70ಕ್ಕೆ ಇಳಿದರೆ ಥರ್ಮೋಸ್ಟಾಟ್ ತೆರೆದಲ್ಲೇ ಸಿಕ್ಕಿದೆ. ಕಾರಣವಿಲ್ಲದೆ ಮೇಲೆ ಕೆಳಗೆ ಹಾರಾಡಿದರೆ ನೀರು ಕಡಿಮೆಯಿದೆ, ಇಲ್ಲವೇ ಹೆಡ್ ಗ್ಯಾಸ್ಕೆಟ್. ಸುಗ್ಗಿಯಲ್ಲಿ ಗದಗ, ಹಾವೇರಿ ಜಿಲ್ಲೆಗಳ ಒಳರಸ್ತೆಯಲ್ಲಿ ಹುರುಳಿ, ತೊಗರಿ ಹಾಸಿ ಗಾಡಿಗಳ ಕೆಳಗೇ ಒಕ್ಕಣೆ ಮಾಡುತ್ತಾರಲ್ಲ, ಅದರ ಹೊಟ್ಟು, ಮೇಲೆ ಎರೆ ಮಣ್ಣಿನ ಧೂಳು, ಹತ್ತಿಯ ನೂಲು, ಎಲ್ಲ ಸೇರಿ ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಕಂಬಳಿಯಾಗುತ್ತದೆ. ಕಂಪನಿಯ ಮುಳ್ಳಿಗೆ ಇದು ಗೊತ್ತೇ ಆಗುವುದಿಲ್ಲ. ಅಂಕಿ ತೋರಿಸುವ ಮೀಟರಿನಲ್ಲಿ ಮಾತ್ರ ಹೈವೇಯ 90 ಮೆಲ್ಲಗೆ 94, 95 ಆಗುತ್ತ ಬರುತ್ತದೆ. ತೊಳೆಯುವಾಗ ಎಂಜಿನ್ ಕಡೆಯಿಂದ ಹೊರಕ್ಕೆ, ಸಾದಾ ನಲ್ಲಿ ನೀರಿನ ಒತ್ತಡದಲ್ಲಿ ತೊಳೆಯಿರಿ. ವಾಟರ್ ಸರ್ವಿಸಿನ ಗನ್ ಹಿಡಿದರೆ ರೇಡಿಯೇಟರಿನ ರೆಕ್ಕೆಗಳೆಲ್ಲ ಮಲಗುತ್ತವೆ.

ಅಲಾರಂ ಇರುವ ಮೀಟರ್ ಆದರೆ ನೀರಿಗೆ 105–108ಕ್ಕೆ ಇಡಿ. ಆಯಿಲ್‌ಗೆ 20 ಪಿಎಸ್‌ಐ ಸ್ವಿಚ್ಚು ತಂದು ಬೇರೊಂದು ಕೆಂಪು ದೀಪ ಕೊಡಬಹುದು. 20 ಪಿಎಸ್‌ಐ ಅಂದರೆ ಸುಮಾರು 1.4 ಬಾರ್, ಹಾಗಾಗಿ ಬಿಸಿ ಐಡಲ್‌ನಲ್ಲಿ ಅದು ಹೊತ್ತಿಕೊಂಡಿರುತ್ತದೆ, ರೂಢಿಯಾಗುತ್ತದೆ. ಹೈವೇಯಲ್ಲಿ ಹೊತ್ತಿದರೆ ಕ್ಲಚ್ ಒತ್ತಿ, ಪಕ್ಕಕ್ಕೆ ಬಂದು, ಮೀಟರ್ ನಿಜವೋ ಸುಳ್ಳೋ ಎಂಬ ಪಂಚಾಯಿತಿಯನ್ನು ಎಂಜಿನ್ ಬಂದ್ ಮಾಡಿದ ಮೇಲೆ ನಡೆಸಿ.

ಕೂರಿಸಿದ ದಿನ ಒಣಗಿದ್ದ ಜಾಯಿಂಟ್ ನಾಲ್ಕು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಒಸರುವುದುಂಟು. ಮೊದಲ ನೂರು ಕಿಲೋಮೀಟರ್ ಆದ ಮೇಲೆ, ಎಂಜಿನ್ ತಣ್ಣಗಿದ್ದಾಗ, ಟೀ, ಸೆಂಡರ್, ಹೋಸ್ ಕ್ಲಿಪ್ಪು ಎಲ್ಲದರ ಕೆಳಗೆ ಟಿಶ್ಯೂ ಕಾಗದ ಒತ್ತಿ ನೋಡಿ. ಕ್ಲಿಪ್ಪು ಕಾಲು ಸುತ್ತು ಬಿಗಿ ಕೇಳುತ್ತದೆ. ಟೇಪರ್ ಥ್ರೆಡ್ ಒಸರಿದರೆ ಅಲ್ಲೇ ಇನ್ನಷ್ಟು ಬಿಗಿಯದೆ ಬಿಚ್ಚಿ, ಒರೆಸಿ, ಹೊಸ ಸೀಲೆಂಟ್ ಹಚ್ಚಿ ಕೂರಿಸಿ. ಬಿಚ್ಚಿಟ್ಟ ಕಂಪನಿಯ ಹೋಸ್ ತುಂಡು, ವಾಷರ್, ಸ್ಕ್ರೂ ಏನಿದ್ದರೂ ಒಂದು ಡಬ್ಬಿಯಲ್ಲಿ ಹಾಕಿ ಸ್ಟೆಪ್ನಿ ಪಕ್ಕ ಇಡಿ, ಜೊತೆಗೆ 1/8ರ ಒಂದು ಖಾಲಿ ಪ್ಲಗ್. ದಾರಿಯಲ್ಲಿ ಸೆಂಡರ್ ಒಡೆದರೆ ಅದರ ತೂತು ಮುಚ್ಚಿ ಊರು ಸೇರಲು ಅದೊಂದು ಸಾಕು.